ಒಸಾಕಾ ಕೋಟೆಯಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆ

ನಮ್ಮ ಕಡೆಯವರ ಗುಂಪುಗಳನ್ನು ಜಪಾನಿಗೆ ಕರೆದುಕೊಂಡು ಹೋಗುವ ಟೂರ್ ಮ್ಯಾನೇಜರ್ ನಾನು. ಮೊದಲ ಸಲ ಒಸಾಕಾ ಕೋಟೆಗೆ ಹೋದಾಗ ಎತ್ತರದ ಗೋಪುರ ತೋರಿಸಿ, "ಇದು ಜಪಾನನ್ನು ಆಳಿದ ಸೇನಾನಾಯಕ ಹಿದೆಯೋಶಿ ಕಟ್ಟಿಸಿದ್ದು, 400 ವರ್ಷ ಹಳೆಯದು" ಎಂದುಬಿಟ್ಟೆ. ಒಳಗೆ ಲಿಫ್ಟಿಗೆ ಕ್ಯೂ ನಿಂತಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ಗೋಡೆ ಮೇಲೆ ಕೈಯಾಡಿಸಿ ಮೆಲ್ಲಗೆ ಕೇಳಿದರು: "ಏನಪ್ಪಾ, ಇದು ಕಾಂಕ್ರೀಟ್ ಅಲ್ವಾ?"

ನನಗೆ ಗೊತ್ತಿರಲಿಲ್ಲ. ರಾತ್ರಿ ಹೋಟೆಲಿನಲ್ಲಿ ಕೂತು ಓದಿದೆ. ಬೆಳಿಗ್ಗೆ ಬಸ್ಸಿನಲ್ಲಿ ಮೈಕ್ ಹಿಡಿದು, ನಿನ್ನೆ ತಪ್ಪು ಹೇಳಿದೆ ಅಂತ ಒಪ್ಪಿಕೊಂಡೆ. ಆಗ ಎಲ್ಲರೂ ಕಿವಿಗೊಟ್ಟು ಕೇಳಿದರು.

ಹಿದೆಯೋಶಿ 1583ರಲ್ಲಿ ಕೋಟೆ ಕೆಲಸ ಶುರು ಮಾಡಿದ್ದು ನಿಜ. 1615ರ ಯುದ್ಧದಲ್ಲಿ ಅದು ಸುಟ್ಟುಹೋಯಿತು. ಗೆದ್ದ ತೊಕುಗಾವಾ ಮನೆತನ ಅದನ್ನು ಮಣ್ಣಿನಡಿ ಮುಚ್ಚಿ, 1620ರಿಂದ ಅದೇ ಜಾಗದಲ್ಲಿ ಹೊಸ ಕೋಟೆ ಕಟ್ಟಿತು. ಆ ಕೋಟೆಯ ಗೋಪುರ 1665ರಲ್ಲಿ ಸಿಡಿಲು ಬಡಿದು ಉರಿದುಹೋಯಿತು. ಮುಂದೆ 250ಕ್ಕೂ ಜಾಸ್ತಿ ವರ್ಷ ಅಲ್ಲಿ ಗೋಪುರವೇ ಇರಲಿಲ್ಲ. ಈಗಿನದು 1931ರಲ್ಲಿ ಊರಿನ ಜನ ಚಂದಾ ಎತ್ತಿ ಕಾಂಕ್ರೀಟಿನಲ್ಲಿ ಕಟ್ಟಿಸಿದ್ದು. ನನ್ನ ಮಟ್ಟಿಗೆ ಅದೂ ದೊಡ್ಡ ಮಾತೇ.

ಈಗ ನಾನು ಗೋಪುರದಿಂದ ಶುರು ಮಾಡುವುದಿಲ್ಲ, ಕಲ್ಲಿನಿಂದ ಶುರು ಮಾಡುತ್ತೇನೆ. ಮೊದಲು ಕಂದಕದ ಆಚೆಯಿಂದ ಸೆಂಗನ್ ಬುರುಜು. ಅದು 1620ರದ್ದು, ಇನ್ನೂ ನಿಂತಿದೆ. ಆಮೇಲೆ ಸಕುರಾ ಬಾಗಿಲು. ಅದನ್ನು ದಾಟಿದರೆ ಎದುರಿಗೇ 'ತಾಕೋಇಶಿ', ಅಂದರೆ ಆಕ್ಟೋಪಸ್ ಕಲ್ಲು. ಅದರ ಎಡ ಮೂಲೆಯಲ್ಲಿ ಆಕ್ಟೋಪಸ್ ತಲೆಯಂಥ ಕಂದು ಕಲೆ ಇದೆ. ಒಂದೇ ಕಲ್ಲು, ಮುಖವೇ ಸುಮಾರು 60 ಚದರ ಮೀಟರ್. ತೂಕ 108 ಟನ್ ಇರಬಹುದೆಂದು ಅಂದಾಜು. ಸಮುದ್ರ ದಾಟಿಸಿ ತಂದದ್ದು ಅಂದಾಗ ಯಾರೂ ಒಂದು ನಿಮಿಷ ಮಾತಾಡುವುದಿಲ್ಲ. ನಾನೂ ಸುಮ್ನೆ ನಿಲ್ಲುತ್ತೇನೆ. ಗೋಡೆ ಕಟ್ಟುವ ಕೆಲಸವನ್ನು ಸಾಮಂತರಿಗೆ ಹಂಚಿದ್ದರು. ಅವರವರ ಗುರುತು ಕಲ್ಲುಗಳ ಮೇಲೆ ಕೆತ್ತಿದ್ದು ಇವತ್ತಿಗೂ ಕಾಣುತ್ತದೆ. ಮಕ್ಕಳಿದ್ದರೆ ಅದನ್ನು ಹುಡುಕುವ ಕೆಲಸ ಅವರಿಗೇ.

ಹಿದೆಯೋಶಿಯ ಗೋಡೆ 1959ರಲ್ಲಿ ನೆಲದಡಿ ಸಿಕ್ಕಿತ್ತು. 2025ರಿಂದ ಕೆಳಗಿಳಿದು ನೋಡಬಹುದು. ನಯ ಮಾಡದ, ಸಿಕ್ಕ ಆಕಾರದಲ್ಲೇ ಜೋಡಿಸಿದ ಕಲ್ಲುಗಳು. ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಇದು ಅವನದೇ ತಾನೇ? ಹತ್ತಿರ ಹೋಗಿ ನೋಡಿದೆಯಾ?"