ರೂಮು ಹಿಡಿಯುವ ಮೊದಲು ಡ್ಯಾಮ್ ಎಷ್ಟು ಅಡಿ ಇದೆ ನೋಡಿ

ಶರಾವತಿ ಹಿನ್ನೀರಿನ ದಂಡೆಯಲ್ಲಿ ಎರಡು ದಿನ ಸುಮ್ನೆ ಕೂತು ಬರೋಣ ಅಂತ 2025ರ ಮೇ ತಿಂಗಳಲ್ಲಿ ಸಾಗರದ ಕಡೆ ಒಂದು ಹೋಂಸ್ಟೇ ಹಿಡಿದೆವು. ದಿನಕ್ಕೆ 3,800 ರೂಪಾಯಿ. ಫೋಟೋದಲ್ಲಿ ನೀರು ಜಗಲಿಯ ಮೆಟ್ಟಿಲವರೆಗೂ ಬಂದಿತ್ತು. ಹೋಗಿ ಕಿಟಕಿ ತೆಗೆದರೆ ಬರೀ ಕೆಂಪು ಮಣ್ಣು, ಬಿರುಕು ಬಿಟ್ಟ ಕೆಸರು, ನಡುವೆ ಮುಳುಗಡೆಯಾದ ಕಾಡಿನ ಕರಿ ಬೊಡ್ಡೆಗಳು. ನೀರೆಲ್ಲಿ ಅಂತ ಕೇಳಿದರೆ ಮಾಲೀಕರು ದೂರಕ್ಕೆ ಕೈ ತೋರಿಸಿ "ಅಲ್ಲಿದೆಯಲ್ಲ" ಅಂದರು. ಇತ್ತು, ಪಂಚೆ ಒಣಹಾಕಿದಷ್ಟು ಅಗಲ. ಅಲ್ಲಿಗೆ ನಡೆಯೋಕೆ ಇಪ್ಪತ್ತು ನಿಮಿಷ. ವಾಪಸ್ ಬರುವಾಗ ನನ್ನ ಒಂದು ಚಪ್ಪಲಿ ಕೆಸರಲ್ಲೇ ಉಳಿಯಿತು.

ಅರ್ಧ ತಪ್ಪು ನಂದೇ. ಶಿವಮೊಗ್ಗದಲ್ಲಿದ್ದು ದಿನಾ ಪೇಪರ್‌ನಲ್ಲಿ ಡ್ಯಾಮ್ ಮಟ್ಟ ಓದುತ್ತೇನೆ, ದುಡ್ಡು ಕಟ್ಟುವಾಗ ನೆನಪಾಗಲಿಲ್ಲ. ಇದು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ತಡೆದು ನಿಲ್ಲಿಸಿದ ನೀರು. ಕರೆಂಟಿಗೆ ಬಿಡುತ್ತಾ ಹೋದ ಹಾಗೆ ಬೇಸಿಗೆಯಲ್ಲಿ ದಂಡೆ ಹಿಂದೆ ಸರಿಯುತ್ತದೆ. ಭರ್ತಿ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಪೇಪರ್‌ನಲ್ಲಿ ಅದಕ್ಕಿಂತ ತುಂಬಾ ಕಡಿಮೆ ಇದ್ದರೆ "ಇವತ್ತಿನ ಫೋಟೋ ವಾಟ್ಸಾಪ್ ಮಾಡಿ" ಅಂತ ಮುಲಾಜಿಲ್ಲದೆ ಕೇಳಿ.

ಪ್ರವಾಸ ಉಳಿಸಿದ್ದು ಸಾಗರ ಪೇಟೆಯ ಓಣಿಯೊಂದರ ಮನೆ ಊಟ. ಆರೇ ಮೇಜು, 90 ರೂಪಾಯಿ, ಬಾಳೆಎಲೆ. ಹಲಸಿನಕಾಯಿ ಪಲ್ಯ, ಒಂದೆಲಗದ ತಂಬುಳಿ, ಆಮೇಲೆ ಲೋಟದ ತುಂಬಾ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತಿಳಿ ಸಾರು. ಮಾವಿನ ಸೊನೆಯ ಘಮ, ಮೇಲೆ ತೇಲುವ ಇಂಗು ಸಾಸಿವೆ ಒಗ್ಗರಣೆ. ಸಾಕು ಅಂದರೆ ಬಡಿಸುವ ಅಮ್ಮ "ಮತ್ತೆ ಉಳಿದಿದ್ದು ಯಾರು ಕುಡಿಯೋದು?" ಅಂತ ಇನ್ನೊಂದು ಲೋಟ ಸುರಿದರು. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತೆ ಅನ್ನೋದು ಸುಳ್ಳಲ್ಲ. ಆ ದುಬಾರಿ ರೂಮು ಕೆಲಸಕ್ಕೆ ಬಂದಿದ್ದು ಆಗಲೇ.

ನವೆಂಬರ್‌ನಲ್ಲಿ ಹಟ ಹಿಡಿದು ಮತ್ತೆ ಹೋದೆವು. ಬೇರೆ ಮನೆ, 1,800 ರೂಪಾಯಿ. ಅಷ್ಟರಲ್ಲಿ ಜುಲೈ 14ಕ್ಕೆ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿತ್ತು. 2.44 ಕಿಲೋಮೀಟರ್, ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆ ದಡ. ನನಗಂತೂ ಮೊದಲು ದಾಟೋಕೆ ಕಾದು ಕಾದು ಹತ್ತುತ್ತಿದ್ದ ಲಾಂಚೇ ಚಂದ ಇತ್ತು. ವಾರದ ಕೊನೆಗೆ ಸಿಗಂದೂರು ದೇವಸ್ಥಾನಕ್ಕೆ ಹೋಗುವ ಕಾರುಗಳ ಗದ್ದಲ ಜಾಸ್ತಿ, ಬುಧವಾರ ಗುರುವಾರ ಹೋಗಿ.

ಬೆಳಗ್ಗೆ ಆರೂವರೆಗೆ ಇಬ್ಬನಿ ಏಳುವಾಗ ಗುಡ್ಡದ ತುದಿಗಳೆಲ್ಲ ನಡುಗಡ್ಡೆಗಳಾಗಿ ಒಂದೊಂದಾಗಿ ಕಾಣತೊಡಗಿದವು. ಗೇಣುದ್ದ ಹೊರಗೆ ಉಳಿದ ಬೊಡ್ಡೆಯೊಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಎರಡು ಗಂಟೆ ಅಲ್ಲಿಂದ ಏಳಲಿಲ್ಲ.

ಈಜೋಕೆ ಮಾತ್ರ ಇಳಿಯಬೇಡಿ. ಮೇಲೆ ಕನ್ನಡಿ ಹಾಗಿದ್ದರೂ ಮೇ ತಿಂಗಳಲ್ಲಿ ಕಂಡ ಬೊಡ್ಡೆಗಳು, ಕೆಸರು ಎಲ್ಲ ಕೆಳಗೆ ಹಾಗೇ ಇವೆ. ನನ್ನ ಚಪ್ಪಲಿಯೂ.