ಹಳಿ ಇದೆ, ರೈಲು ನಿಲ್ಲುವುದಿಲ್ಲ

ಎಡಿನ್‌ಬರೊ ನಗರದ ಗಾರ್ಗಿ ಬಡಾವಣೆಗೆ ಬಂದು ನೆಲೆಸಿದ ಮೊದಲ ವಾರದಲ್ಲೇ ರಾತ್ರಿ ಎರಡು ಗಂಟೆಯ ಸುಮಾರಿಗೆ ಅಡುಗೆಮನೆಯ ಸ್ಟೀಲಿನ ತಟ್ಟೆಗಳು ತಾವಾಗಿಯೇ ಸದ್ದು ಮಾಡಿದ್ದು ಕೇಳಿ ನಾನು ಎದ್ದು ಕುಳಿತಿದ್ದೆ. ಕಿಟಕಿಯ ಪರದೆ ಸರಿಸಿ ನೋಡಿದರೆ, ಮನೆಗಳ ಹಿಂಭಾಗದ ಮರಗಳ ಆಚೆ ಉದ್ದನೆಯ ಗೂಡ್ಸ್ ಗಾಡಿಯೊಂದು ನಿಧಾನವಾಗಿ ಸಾಗುತ್ತಿತ್ತು. ಸಾಗರದ ಹತ್ತಿರದ ಹಳ್ಳಿಯಲ್ಲಿ ತಾಳಗುಪ್ಪದ ರೈಲಿನ ಕೂಗು ಕೇಳುತ್ತ ಬೆಳೆದವಳಾದ ನನಗೆ ಆ ಸದ್ದು ಅಪರಿಚಿತವಾಗಿರಲಿಲ್ಲ. ಮನೆಯ ಹತ್ತಿರವೇ ರೈಲು ಇದೆಯೆಂದು ಆ ರಾತ್ರಿ ಸಂತೋಷದಿಂದಲೇ ಮಲಗಿದೆ. ಹತ್ತಿರದ ನಿಲ್ದಾಣ ಯಾವುದೆಂದು ಬೆಳಿಗ್ಗೆ ನಕ್ಷೆಯಲ್ಲಿ ಹುಡುಕಿದಾಗ ಹಳಿಯ ಗೆರೆ ಕಂಡಿತು, ನಿಲ್ದಾಣ ಮಾತ್ರ ಕಾಣಲಿಲ್ಲ.

ನಾನು ಕೆಲಸ ಮಾಡುವುದು ಎಡಿನ್‌ಬರೊ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಿರುವ ಕಿಂಗ್ಸ್ ಬಿಲ್ಡಿಂಗ್ಸ್ ಆವರಣದಲ್ಲಿ. ಗಾರ್ಗಿ ನಗರದ ಪಶ್ಚಿಮಕ್ಕಿದೆ, ಆ ಆವರಣ ದಕ್ಷಿಣಕ್ಕಿದೆ, ನೇರ ಗೆರೆ ಎಳೆದರೆ ನಡುವೆ ನಾಲ್ಕು ಕಿಲೋಮೀಟರಿನಷ್ಟು ದೂರ. ಆದರೆ ಈ ನಗರದ ದೊಡ್ಡ ರಸ್ತೆಗಳೆಲ್ಲ ಚಕ್ರದ ಕಡ್ಡಿಗಳ ಹಾಗೆ ನಡುವಿನ ಪ್ರಿನ್ಸಸ್ ಸ್ಟ್ರೀಟಿನ ಕಡೆಗೇ ಓಡುತ್ತವೆ. ಬಹುತೇಕ ಬಸ್ಸುಗಳೂ ಅವುಗಳ ಹಿಂದೆಯೇ ಹೋಗುತ್ತವೆ. ಒಂದು ಕಡ್ಡಿಯಿಂದ ಪಕ್ಕದ ಕಡ್ಡಿಗೆ ಅಡ್ಡಲಾಗಿ ಹೋಗಬೇಕಾದವರಿಗೆ ಮಳೆಯ ಬೆಳಗ್ಗೆಗಳಲ್ಲಿ ಮುಕ್ಕಾಲು ಗಂಟೆಯೂ ಸಾಲದು. ಅಡ್ಡಲಾಗಿ ಹೋಗುವ ಹಾದಿಯೇ ಇಲ್ಲವೆಂದಲ್ಲ, ಅದು ನನ್ನ ಅಡುಗೆಮನೆಯ ಹಿಂದೆಯೇ ಇದೆ. ಗಾರ್ಗಿಯಿಂದ ಹೊರಟು ಕ್ರೇಗ್‌ಲಾಕರ್ಟ್, ಮಾರ್ನಿಂಗ್‌ಸೈಡ್, ಬ್ಲ್ಯಾಕ್‌ಫರ್ಡ್‌ಗಳನ್ನು ದಾಟುವ ಆ ಜೋಡಿ ಹಳಿ ನನ್ನ ಪ್ರಯೋಗಾಲಯದಿಂದ ಹತ್ತು ನಿಮಿಷದ ನಡಿಗೆಯೊಳಗೇ ಹಾದುಹೋಗುತ್ತದೆ.

ಇದನ್ನು ಒಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕ ಕೆಳಮನೆಯ ಅಜ್ಜಿಗೆ ಹೇಳಿಕೊಂಡೆ. ಎಪ್ಪತ್ತು ದಾಟಿದ ಅವರು ಹುಟ್ಟಿ ಬೆಳೆದದ್ದು ನಗರದ ಇನ್ನೊಂದು ಮಗ್ಗುಲಾದ ನ್ಯೂಯಿಂಗ್ಟನ್‌ನಲ್ಲಿ. ಅವರ ತಾಯಿ ಗಾರ್ಗಿಯ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ಪ್ರತಿದಿನ ಇದೇ ರೈಲಿನಲ್ಲಿ ಬಂದು ಹೋಗುತ್ತಿದ್ದರಂತೆ. "ಅಮ್ಮನಿಗೆ ಅದು ಸುಲಭದ ದಾರಿಯಾಗಿತ್ತು, ನಿನಗೆ ಈಗ ಕಷ್ಟವಾಗಿದೆ. ಶನಿವಾರ ಬಾ, ನಿಲ್ದಾಣಗಳು ಎಲ್ಲಿದ್ದವೆಂದು ತೋರಿಸುತ್ತೇನೆ" ಎಂದರು. ಕಳೆದ ಸೆಪ್ಟೆಂಬರಿನ ಆ ಶನಿವಾರ ನಾನು ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡೆ. ಅಜ್ಜಿ ಬಿಸಿ ಚಹಾದ ಫ್ಲಾಸ್ಕ್ ತಂದರು.

ಈ ಮಾರ್ಗಕ್ಕೆ ಇಲ್ಲಿನವರು ಸೌತ್ ಸಬ್ ಎನ್ನುತ್ತಾರೆ. ಸೌತ್ ಸಬರ್ಬನ್ ಎಂಬುದರ ಮುದ್ದಿನ ಹೆಸರು ಅದು. 1884ರಲ್ಲಿ ಪ್ರಯಾಣಿಕರಿಗೆ ತೆರೆದ ಈ ಮಾರ್ಗ ನಗರದ ಮುಖ್ಯ ನಿಲ್ದಾಣವಾದ ವೇವರ್ಲಿಯಿಂದ ಪಶ್ಚಿಮಕ್ಕೆ ಹೊರಟು, ಹೇಮಾರ್ಕೆಟ್ ದಾಟಿ, ದಕ್ಷಿಣದ ಬಡಾವಣೆಗಳನ್ನೆಲ್ಲ ಸುತ್ತಿ, ಪೂರ್ವದಲ್ಲಿ ಡಡಿಂಗ್‌ಸ್ಟನ್ ಮತ್ತು ಪೋರ್ಟೊಬೆಲ್ಲೊಗಳ ಕಡೆಯಿಂದ ಮತ್ತೆ ವೇವರ್ಲಿಗೇ ಬಂದು ಸೇರುತ್ತಿತ್ತು. ಅಂದು ಊರಿನ ಅಂಚಿನಲ್ಲಿದ್ದ ಹೊಲ, ತೋಟ, ಬಂಗಲೆಗಳ ಮಗ್ಗುಲಲ್ಲೇ ಹಾದುಹೋದ ಈ ಹಾದಿಯ ಎರಡೂ ಬದಿಗಳಲ್ಲಿ ಊರು ಬೆಳೆಯಿತು. ಇಂದು ಅದರ ಸುತ್ತ ಮನೆ, ಶಾಲೆ, ಅಂಗಡಿಗಳು ತುಂಬಿಕೊಂಡಿವೆ. ಆದರೆ ಊರು ಬೆಳೆಯುತ್ತಿದ್ದ ಹಾಗೆಯೇ ನೇರವಾಗಿ ನಗರದ ನಡುವಿಗೆ ಒಯ್ಯುವ ಟ್ರಾಮ್‌ಗಳೂ ಆಮೇಲೆ ಬಸ್ಸುಗಳೂ ಬಂದವು. ಸುತ್ತು ಹಾಕಿಕೊಂಡು ವೇವರ್ಲಿಗೆ ಹೋಗುವ ರೈಲಿಗಿಂತ ಮನೆಯ ಮುಂದೆಯೇ ನಿಲ್ಲುವ ಟ್ರಾಮ್ ಜನರಿಗೆ ಹತ್ತಿರವಾಯಿತು. 1950ರ ದಶಕದ ಕೊನೆಯಲ್ಲಿ ಉಗಿಬಂಡಿಗಳ ಜಾಗದಲ್ಲಿ ಡೀಸೆಲ್ ರೈಲುಗಳನ್ನು ಓಡಿಸಿ ನೋಡಿದರೂ ಪ್ರಯಾಣಿಕರ ಸೇವೆ ಉಳಿಯಲಿಲ್ಲ. 1962ರ ಸೆಪ್ಟೆಂಬರ್ 10ರಿಂದ ಅದು ನಿಂತಿತು.

ಬ್ರಿಟನ್ನಿನಲ್ಲಿ ಸಾವಿರಾರು ನಿಲ್ದಾಣಗಳ ಮುಚ್ಚುಗಡೆಯ ಮಾತು ಬಂದಾಗಲೆಲ್ಲ ಅಲ್ಲಿನ ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದ ರಿಚರ್ಡ್ ಬೀಚಿಂಗ್ ಅವರ ವರದಿಯ ಹೆಸರೇ ಮೊದಲು ಬರುತ್ತದೆ. ಆ ವರದಿ ಪ್ರಕಟವಾದದ್ದು 1963ರ ಮಾರ್ಚಿನಲ್ಲಿ. ಸೌತ್ ಸಬ್ ಅದಕ್ಕೂ ಮೊದಲೇ ನಿಂತಿತ್ತು. ಈ ಒಂದು ವಿವರವನ್ನು ಅಜ್ಜಿ ನಡಿಗೆಯುದ್ದಕ್ಕೂ ಎರಡು ಮೂರು ಬಾರಿ ಒತ್ತಿ ಹೇಳಿದರು. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಿದರೆ ನಮ್ಮೂರು ತಾನಾಗಿ ಬಿಟ್ಟುಕೊಟ್ಟದ್ದು ಮರೆತುಹೋಗುತ್ತದೆ ಎಂಬುದು ಅವರ ವಾದ. ನನಗೂ ಅದು ಸರಿಯೆನಿಸಿತು.

ಸ್ಲೇಟ್‌ಫರ್ಡ್ ರಸ್ತೆಯಲ್ಲಿ ನಡೆಯುತ್ತ ಹಳೆಯ ಕ್ಯಾಲಿಡೋನಿಯನ್ ಬ್ರೂವರಿಯ ಕಟ್ಟಡದ ಮುಂದೆ ಅವರು ನಿಂತರು. 1869ರಿಂದ ನಡೆದು ಬಂದಿದ್ದ ಆ ಬಿಯರ್ ಕಾರ್ಖಾನೆ 2022ರಲ್ಲಿ ಮುಚ್ಚಿತು. ಬೇಯಿಸಿದ ಬಾರ್ಲಿಯ ವಾಸನೆ ರೈಲಿನೊಳಕ್ಕೆ ಬಂದರೆ ಇಳಿಯುವ ಜಾಗ ಬಂತೆಂದು ಚಿಕ್ಕಂದಿನಲ್ಲಿ ಅವರಿಗೆ ತಿಳಿಯುತ್ತಿತ್ತಂತೆ. ಕ್ರೇಗ್‌ಲಾಕರ್ಟ್‌ನಲ್ಲಿ ನೋಡಲು ಹೆಚ್ಚೇನೂ ಸಿಗಲಿಲ್ಲ. ಕಾಲಿಂಟನ್ ರಸ್ತೆಯ ಸೇತುವೆಯಿಂದ ಬಗ್ಗಿ ನೋಡಿದರೆ ತಗ್ಗಿನಲ್ಲಿ ಹಳಿ, ಎರಡೂ ಕಡೆ ಗಿಡಗಂಟಿ, ಅಷ್ಟೆ.

ಮಾರ್ನಿಂಗ್‌ಸೈಡ್‌ನಲ್ಲಿ ನಾವು ಬಹಳ ಹೊತ್ತು ನಿಂತೆವು. ಹೋಟೆಲು, ಹಣ್ಣಿನಂಗಡಿ, ಪುಸ್ತಕದಂಗಡಿಗಳಿಂದ ಸದಾ ಗಿಜಿಗುಡುವ ಆ ಬೀದಿಯಲ್ಲಿ ಎತ್ತರದ ಕಂಬದ ಗಡಿಯಾರವೊಂದಿದೆ. ಅದರ ಪಕ್ಕದಲ್ಲೇ, ರಸ್ತೆಯ ಕೆಳಗೆ, ಹಳಿ ಹಾಯುತ್ತದೆ. ಒಂದಾದ ಮೇಲೊಂದು ಬಸ್ಸು ಅಲ್ಲಿ ಬಂದು ನಿಲ್ಲುತ್ತಿತ್ತು. ಇಳಿಯುವವರು, ಹತ್ತುವವರು, ಕೈಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಮುಂದಿನ ಬಸ್ಸಿಗೆ ಕಾಯುವವರು, ಎಲ್ಲರೂ ಒಂದು ರೈಲು ನಿಲ್ದಾಣದ ನೆತ್ತಿಯ ಮೇಲೆಯೇ ನಿಂತಿದ್ದರು. ಅವರಲ್ಲಿ ಎಷ್ಟು ಜನರಿಗೆ ಅದು ಗೊತ್ತಿದೆಯೋ ಎಂದು ನನ್ನ ಮನಸ್ಸು ಕಸಿವಿಸಿಗೊಂಡಿತು. ಮುಚ್ಚಿದ ಸಿನಿಮಾ ಮಂದಿರವಾದರೆ ಬಾಗಿಲಾದರೂ ಕಾಣುತ್ತದೆ. ತಗ್ಗಿನಲ್ಲಿದ್ದ ನಿಲ್ದಾಣ ಮುಚ್ಚಿದರೆ ಜನರ ನೆನಪಿನಿಂದಲೂ ಬಹಳ ಬೇಗ ಜಾರಿಹೋಗುತ್ತದೆ. ಗಾಡಿ ಬರಬಹುದೆಂದು ಇಪ್ಪತ್ತು ನಿಮಿಷ ಕಾದೆವು. ಬರಲಿಲ್ಲ.

ಅದು ಬಂದದ್ದು ನಾವು ಬ್ಲ್ಯಾಕ್‌ಫರ್ಡ್ ಗುಡ್ಡದ ಬುಡದಲ್ಲಿ ಬೆಂಚಿನ ಮೇಲೆ ಕುಳಿತು ಚಿತ್ರಾನ್ನ ತಿನ್ನುತ್ತಿದ್ದಾಗ. ಮೊದಲು ಸದ್ದು ಕೇಳಿತು, ಆಮೇಲೆ ಮರಗಳ ಸಂದಿಯಲ್ಲಿ ಒಂದರ ಹಿಂದೊಂದು ವ್ಯಾಗನ್‌ಗಳು ಸರಿದವು. ಅಜ್ಜಿ ಚಮಚವನ್ನು ಡಬ್ಬಿಯಲ್ಲಿಟ್ಟು ಅವನ್ನು ಎಣಿಸತೊಡಗಿದರು. ಹತ್ತೊಂಬತ್ತಕ್ಕೆ ನಿಲ್ಲಿಸಿ, "ನಾವು ಚಿಕ್ಕವರಿದ್ದಾಗ ಇಷ್ಟು ಉದ್ದದ ಗಾಡಿ ಬಂದರೆ ಶಾಲೆಗೆ ತಡವಾಯಿತೆಂದು ಹೇಳಲು ಒಂದು ಕಾರಣ ಸಿಗುತ್ತಿತ್ತು" ಎಂದು ನಕ್ಕರು.

ಈ ಮಾರ್ಗದ ವಿಶೇಷವಿರುವುದು ಇಲ್ಲಿಯೇ. ಎಡಿನ್‌ಬರೊದ ಉತ್ತರ ಭಾಗದಲ್ಲಿ ಮುಚ್ಚಿದ ರೈಲುಮಾರ್ಗಗಳ ಹಳಿಗಳನ್ನು ಕಿತ್ತು, ಆ ಹಾದಿಗಳನ್ನು ನಡಿಗೆಗೂ ಸೈಕಲ್ಲಿಗೂ ಬಿಟ್ಟಿದ್ದಾರೆ. ಅಲ್ಲಿ ಈಗ ಬೆಳೆದು ನಿಂತ ಮರಗಳೂ ಆ ಹಾದಿಯನ್ನು ಪ್ರೀತಿಸುವ ಜನರೂ ಇದ್ದಾರೆ. ಅದನ್ನು ಮತ್ತೆ ಹಳಿಯ ಹಾದಿ ಮಾಡಬೇಕೆನ್ನುವುದು ಸುಲಭದ ಮಾತಲ್ಲ. ದಕ್ಷಿಣದ ಸೌತ್ ಸಬ್‌ನಲ್ಲಿ ಹಾಗಾಗಲಿಲ್ಲ. ಸರಕು ಸಾಗಣೆಗೂ, ಮುಖ್ಯ ಮಾರ್ಗಕ್ಕೆ ಅಡಚಣೆಯಾದಾಗ ರೈಲುಗಳನ್ನು ಬಳಸುದಾರಿಯಲ್ಲಿ ಕಳುಹಿಸುವುದಕ್ಕೂ ಬೇಕಾದ್ದರಿಂದ ಜೋಡಿ ಹಳಿ ಹಾಗೆಯೇ ಉಳಿಯಿತು, ಸಿಗ್ನಲ್‌ಗಳು ಉಳಿದವು, ಸೇತುವೆಗಳ ದುರಸ್ತಿ ನಡೆಯುತ್ತ ಬಂತು. ಪೂರ್ವ ಕರಾವಳಿಯ ಕಾಕೆನ್ಜಿ ವಿದ್ಯುತ್ ಸ್ಥಾವರಕ್ಕೆ ಹೋಗುತ್ತಿದ್ದ ಕಲ್ಲಿದ್ದಲಿನ ಗಾಡಿಗಳು ಆ ಸ್ಥಾವರ 2013ರಲ್ಲಿ ಮುಚ್ಚಿದ ಮೇಲೆ ನಿಂತುಹೋದವು. ಅಂದರೆ ಹಳಿಯ ಮೇಲೆ ಒಂದಿಷ್ಟು ಜಾಗವೂ ತೆರವಾಗಿದೆ.

ಕಳೆದುಹೋದ ರೈಲುಸೇವೆ ಮರಳಿ ಬರುವುದುಂಟೆ ಎಂದು ಸ್ಕಾಟ್‌ಲೆಂಡಿನಲ್ಲಿ ಕೇಳಬೇಕಾಗಿಲ್ಲ. ಇದೇ ವೇವರ್ಲಿಯಿಂದ ದಕ್ಷಿಣದ ಗಡಿನಾಡಿಗೆ ಹೋಗುತ್ತಿದ್ದ ಮಾರ್ಗವನ್ನು 1969ರ ಜನವರಿಯಲ್ಲಿ ಮುಚ್ಚಿದರು. ಕೊನೆಯ ರಾತ್ರಿ ನ್ಯೂಕಾಸಲ್ಟನ್ ಎಂಬ ಹಳ್ಳಿಯ ಜನ ರೈಲಿಗೆ ಅಡ್ಡ ನಿಂತರು, ಆ ಊರಿನ ಪಾದ್ರಿಯನ್ನು ಪೊಲೀಸರು ಹಿಡಿದುಕೊಂಡು ಹೋದರು. ಹಳಿ ಕಿತ್ತು, ಹಾದಿಯ ಮೇಲೆ ಮನೆಗಳೂ ರಸ್ತೆಗಳೂ ಬಂದಿದ್ದ ಆ ಮಾರ್ಗದ ಒಂದು ಭಾಗವನ್ನು, ಟ್ವೀಡ್‌ಬ್ಯಾಂಕ್‌ವರೆಗಿನ ಸುಮಾರು 48 ಕಿಲೋಮೀಟರನ್ನು, ಮತ್ತೆ ಕಟ್ಟಿ 2015ರ ಸೆಪ್ಟೆಂಬರಿನಲ್ಲಿ ತೆರೆದರು. ಮೊದಲ ವರ್ಷದಲ್ಲೇ ಅಲ್ಲಿನ ಪ್ರಯಾಣಗಳ ಸಂಖ್ಯೆ ಹತ್ತು ಲಕ್ಷ ದಾಟಿತು. ಫೈಫ್ ಪ್ರಾಂತ್ಯದ ಲೀವನ್ ಪಟ್ಟಣಕ್ಕೆ 1969ರಲ್ಲಿ ನಿಂತ ರೈಲು 2024ರ ಜೂನ್‌ನಲ್ಲಿ ಮತ್ತೆ ಬಂತು. ಇಷ್ಟೆಲ್ಲ ಹೊಸದಾಗಿ ಕಟ್ಟಲು ಸಾಧ್ಯವಾದ ನಾಡಿನಲ್ಲಿ, ಹಳಿ ಕಿತ್ತೇ ಇಲ್ಲದ ಒಂದು ಮಾರ್ಗ ಅರುವತ್ತು ವರ್ಷಗಳಿಗೂ ಮಿಕ್ಕಿ ಪ್ರಯಾಣಿಕರಿಲ್ಲದೆ ಉಳಿದಿರುವುದು ನನ್ನನ್ನು ಇಂದಿಗೂ ಕಾಡುತ್ತದೆ. ನಮ್ಮ ಕಡೆಯ ಅನುಭವವೂ ನನಗೆ ನೆನಪಾಗುತ್ತದೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜ್ ಹಳಿಯ ಮೇಲೆ ಪುಟ್ಟ ರೈಲುಬಸ್ಸು ಓಡುತ್ತಿದ್ದ ಕಾಲವಿತ್ತು. ಬ್ರಾಡ್‌ಗೇಜ್ ಮಾಡುತ್ತೇವೆಂದು ಅದನ್ನು ನಿಲ್ಲಿಸಿದಾಗ, ಇನ್ನು ಆ ಹಾದಿಯಲ್ಲಿ ರೈಲು ಕಾಣುವುದಿಲ್ಲವೆಂದು ನಮ್ಮಜ್ಜ ಖಚಿತವಾಗಿ ಹೇಳಿದ್ದರು. 2011ರಲ್ಲಿ ದೊಡ್ಡ ರೈಲೇ ತಾಳಗುಪ್ಪದವರೆಗೆ ಬಂತು. ಅಜ್ಜ ಅದನ್ನು ನೋಡಲೆಂದೇ ಶುಭ್ರ ಪಂಚೆ ಉಟ್ಟು ಹೋಗಿದ್ದರು.

ಹಾಗಾದರೆ ತಡೆ ಏನು? ಈ ಶತಮಾನದ ಮೊದಲ ದಶಕದಲ್ಲೇ ಇದರ ಬಗ್ಗೆ ತಜ್ಞರ ಅಧ್ಯಯನ ನಡೆದಿದೆ, ಸ್ಕಾಟಿಷ್ ಸಂಸತ್ತಿಗೆ ನಾಗರಿಕರ ಮನವಿಯೂ ಹೋಗಿದೆ. ಎದುರಾದ ದೊಡ್ಡ ಪ್ರಶ್ನೆ ದಕ್ಷಿಣದ ಹಳಿಯದಾಗಿರಲಿಲ್ಲ, ವೇವರ್ಲಿಯದಾಗಿತ್ತು. ಹೇಮಾರ್ಕೆಟ್ ಮತ್ತು ವೇವರ್ಲಿಗಳ ನಡುವೆ ಸುರಂಗಗಳ ಮೂಲಕ ಹಾಯುವ ನಾಲ್ಕೇ ಹಳಿಗಳಲ್ಲಿ ಗ್ಲಾಸ್ಗೋ, ಫೈಫ್, ಅಬರ್ಡೀನ್‌ಗಳ ಕಡೆಯ ರೈಲುಗಳೆಲ್ಲ ಒತ್ತೊತ್ತಾಗಿ ಓಡುತ್ತವೆ. ಅವುಗಳ ನಡುವೆ ಅರ್ಧ ಗಂಟೆಗೊಂದು ಸ್ಥಳೀಯ ರೈಲನ್ನು ತೂರಿಸುವುದು ನಿಜವಾಗಿಯೂ ಕಷ್ಟ. ಈ ಕಷ್ಟವನ್ನು ಸುಳ್ಳೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದಲ್ಲದೆ ಮಾರ್ನಿಂಗ್‌ಸೈಡ್‌ನಿಂದ ಪ್ರಿನ್ಸಸ್ ಸ್ಟ್ರೀಟಿಗೆ ಹೋಗುವವರಿಗೆ ಬಸ್ಸೇ ಸಾಕು. 1962ರಲ್ಲಿ ಸೋತದ್ದೂ ಇದೇ ಪೈಪೋಟಿಯಲ್ಲಿ. ಆದರೆ ಹಳೆಯ ವೃತ್ತವನ್ನು ಹಾಗೆಯೇ ಮರಳಿ ತರಬೇಕೆಂದು ಹಟ ಹಿಡಿಯುವ ಅಗತ್ಯವಾದರೂ ಏನಿದೆ? ವೇವರ್ಲಿಯನ್ನು ಮುಟ್ಟದೆ, ಪಶ್ಚಿಮದ ಬಡಾವಣೆಗಳಿಂದ ಪೂರ್ವದ ಬಡಾವಣೆಗಳಿಗೆ ಅಡ್ಡಲಾಗಿ ಓಡುವ ಸೇವೆಯೊಂದು ಬೇಕು. ಅದು ರೈಲಾಗಿರಲಿ, ಕೆಲವರು ಸೂಚಿಸಿರುವ ಹಾಗೆ ಹಳಿಯಲ್ಲೂ ಬೀದಿಯಲ್ಲೂ ಓಡಬಲ್ಲ ಟ್ರಾಮ್ ಆಗಿರಲಿ. ನನ್ನಂತೆ ಕಡ್ಡಿಯಿಂದ ಕಡ್ಡಿಗೆ ಹೋಗುವವರು ಈಗ ಸಾವಿರಾರು ಜನರಿದ್ದಾರೆ. 1962ರಲ್ಲಿ ಎಲ್ಲರೂ ನಗರದ ನಡುವಿಗೆ ಹೋಗುತ್ತಿದ್ದರೇನೋ, ಇಂದು ವಿಶ್ವವಿದ್ಯಾಲಯ, ಆಸ್ಪತ್ರೆ, ಕಚೇರಿಗಳೆಲ್ಲ ಅಂಚುಗಳಿಗೆ ಸರಿದಿವೆ. ಚರ್ಚೆಯೆಲ್ಲ ಮಾರ್ನಿಂಗ್‌ಸೈಡ್‌ನಂಥ ಉಳ್ಳವರ ಬೀದಿಗಳ ಹೆಸರಿನಲ್ಲಿ ನಡೆಯುತ್ತದೆಯಾದರೂ, ಪೂರ್ವದ ಕ್ರೇಗ್‌ಮಿಲ್ಲರ್, ನಿಡ್ರಿಗಳಲ್ಲಿ ಕಾರಿಲ್ಲದ ಮನೆಗಳವರಿಗೆ ಇದರಿಂದ ಹೆಚ್ಚಿನ ಉಪಕಾರವಾದೀತೆಂದು ನನ್ನ ನಂಬಿಕೆ.

ನ್ಯೂಯಿಂಗ್ಟನ್ ತಲುಪುವ ಹೊತ್ತಿಗೆ ಅಜ್ಜಿ ದಣಿದಿದ್ದರು. ಸೇತುವೆಯ ಗೋಡೆಗೆ ಒರಗಿ, ಕೆಳಗೆ ಗಿಡಗಳ ನಡುವೆ ಕಾಣುವ ಕಲ್ಲಿನ ಅಂಚೊಂದನ್ನು ತೋರಿಸಿ, ಅದು ಹಳೆಯ ಪ್ಲಾಟ್‌ಫಾರ್ಮಿನದು ಎಂದರು. ಚಳಿಗಾಲದ ಸಂಜೆ ಅಪ್ಪನ ಕೈ ಹಿಡಿದು ಅಲ್ಲಿ ನಿಂತು, ಗಾರ್ಗಿಯ ಕಡೆಯಿಂದ ಬರುವ ರೈಲಿನ ದೀಪ ಕಾಯುತ್ತಿದ್ದರಂತೆ. ಅಮ್ಮ ಇಳಿದು ಬಂದಾಗ ಅವಳ ಕೋಟಿನ ಜೇಬಿನಲ್ಲಿ ಮುರಿದ ಬಿಸ್ಕತ್ತುಗಳಿರುತ್ತಿದ್ದವಂತೆ. ಸೇವೆ ನಿಂತಾಗ ಅಜ್ಜಿಗೆ ಹನ್ನೊಂದು ವರ್ಷ. ಆಮೇಲೆ ಅಮ್ಮ ಎರಡು ಬಸ್ಸು ಹಿಡಿದು ಹೋಗಿಬರತೊಡಗಿದರು. ಮನೆಗೆ ಬರುವಾಗ ಮಕ್ಕಳ ಊಟ ಮುಗಿದಿರುತ್ತಿತ್ತು. ಇದನ್ನು ಹೇಳುವಾಗ ಅವರ ದನಿಯಲ್ಲಿ ದೂರಿರಲಿಲ್ಲ, ಆದರೆ ಅವರು ಆ ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ.

ನಾವು ಗಾರ್ಗಿಗೆ ಮರಳಿದ್ದೂ ಎರಡು ಬಸ್ಸು ಹಿಡಿದೇ. ಆ ರಾತ್ರಿ ನಾನು ನಮ್ಮ ವಾರ್ಡಿನ ಕೌನ್ಸಿಲರಿಗೆ ಒಂದು ಪತ್ರ ಬರೆದೆ. ರೈಲು ನಾಳೆಯೇ ಬರಲೆಂದು ಅದರಲ್ಲಿ ಕೇಳಿರಲಿಲ್ಲ. ಹಳೆಯ ನಿಲ್ದಾಣಗಳ ಪಕ್ಕದಲ್ಲಿ ಉಳಿದಿರುವ ಚೂರುಪಾರು ಜಾಗವನ್ನೂ, ಕೆಳಗಿಳಿಯುವ ಹಾದಿಗಳನ್ನೂ ಮನೆ ಕಟ್ಟಲು ಕೊಟ್ಟುಬಿಡಬಾರದು, ಅವು ಹೋದರೆ ಹಳಿ ಇದ್ದೂ ಪ್ರಯೋಜನವಿಲ್ಲ ಎಂದಷ್ಟೇ ಕೇಳಿದ್ದೆ. ಭಾನುವಾರ ಬೆಳಿಗ್ಗೆ ಅಜ್ಜಿಗೆ ಓದಲು ಕೊಟ್ಟಾಗ ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಮೊದಲ ಸಾಲಿನಲ್ಲಿ ನಾನು "ಮುಚ್ಚಿಹೋದ ಮಾರ್ಗ" ಎಂದು ಬರೆದಿದ್ದೆ. ಅವರು ಪೆನ್ನು ತೆಗೆದುಕೊಂಡು ಆ ಪದವನ್ನು ಹೊಡೆದುಹಾಕಿ, ಮೇಲೆ "ಮುಚ್ಚಿದ ನಿಲ್ದಾಣಗಳು" ಎಂದು ಬರೆದರು. ಪತ್ರದ ಕೊನೆಯಲ್ಲಿ ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಸೋಮವಾರ ಬಸ್ಸಿಗೆ ಹೋಗುವ ದಾರಿಯಲ್ಲಿ ಅದನ್ನು ಅಂಚೆಗೆ ಹಾಕಿದೆ.