ಕಾಗದದ ಬಿಸಿಗಾಳಿ ಬಲೂನು: ಇಲ್ಲಿಯವರೆಗಿನ ಲೆಕ್ಕ

ದಿನ 1

ಅರ್ಧ ಮೀಟರ್ ಬದಿಯ ಪೆಟ್ಟಿಗೆ ಆಕಾರದ ಬಲೂನು ಇವತ್ತು ಮುಗಿಯಿತು. ಟಿಶ್ಯೂ ಪೇಪರ್, ಗೋಂದು, ಕೆಳಗಡೆ ತೆರೆದ ಬಾಯಿ. ಅಷ್ಟೇ. ಬೆಂಕಿ ಬೇಡವೇ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. 1500 ವ್ಯಾಟಿನ ಹೇರ್ ಡ್ರೈಯರನ್ನು ಸ್ಟ್ಯಾಂಡಿಗೆ ಕಟ್ಟಿ, ಮೂತಿ ಮೇಲೆ ಮಾಡಿ ಬಲೂನಿನ ಬಾಯಿಯ ಕೆಳಗಿಟ್ಟೆ.

ಬಲೂನು ಚೆನ್ನಾಗಿ ಉಬ್ಬಿತು. ಏಳಲಿಲ್ಲ. ಎರಡು ನಿಮಿಷಕ್ಕೆ ಡ್ರೈಯರ್ ತಾನಾಗಿಯೇ ನಿಂತುಹೋಯಿತು. ಸುಟ್ಟೇ ಹೋಯಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಬಲೂನಿನ ಬಾಯಿಂದ ವಾಪಸ್ ಬರುವ ಬಿಸಿಗಾಳಿಯನ್ನೇ ಅದು ಹಿಂದಿನಿಂದ ಮತ್ತೆ ಎಳೆದುಕೊಳ್ಳುತ್ತಿತ್ತು. ಜಾಸ್ತಿ ಕಾದಾಗ ನಿಲ್ಲಿಸುವ ಒಳಗಿನ ಸ್ವಿಚ್ ತನ್ನ ಕೆಲಸ ಮಾಡಿತ್ತು. ನಡುವೆ ಒಂದು ರಟ್ಟು ಅಡ್ಡ ಕಟ್ಟಿದೆ, ಸರಿಹೋಯಿತು. ಬಲೂನು ಮಾತ್ರ ಆಗಲೂ ಏಳಲಿಲ್ಲ.

ದಿನ 2

ಕತ್ತರಿ ಹಿಡಿಯುವ ಮೊದಲು ಮಾಡಬೇಕಿದ್ದ ಲೆಕ್ಕ ಇವತ್ತು ಮಾಡಿದೆ.

ಸಮುದ್ರಮಟ್ಟದ ಒತ್ತಡದಲ್ಲಿ ಗಾಳಿಯ ಸಾಂದ್ರತೆಗೆ ಸುಲಭದ ಸೂತ್ರ ಇದೆ. 353ನ್ನು ಕೆಲ್ವಿನ್ ಉಷ್ಣತೆಯಿಂದ (ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದರೆ ಬರುವ ಅಂಕಿ) ಭಾಗಿಸಿದರೆ ಒಂದು ಘನ ಮೀಟರ್ ಗಾಳಿಯ ತೂಕ ಕಿಲೋಗಳಲ್ಲಿ ಬರುತ್ತದೆ. ಹೊರಗೆ 28 ಡಿಗ್ರಿ ಇತ್ತು: 1.17 ಕಿಲೋ. ಒಳಗೆ ಸರಾಸರಿ 70 ಡಿಗ್ರಿ: 1.03 ಕಿಲೋ. ವ್ಯತ್ಯಾಸ ಸುಮಾರು 144 ಗ್ರಾಂ. ನನ್ನ ಬಲೂನು ಒಂದು ಘನ ಮೀಟರಿನ ಎಂಟನೇ ಒಂದು ಭಾಗ ಮಾತ್ರ. ಅಂದರೆ ಎತ್ತುವ ಬಲ 18 ಗ್ರಾಂ. ಕಾಗದ, ಗೋಂದು ಸೇರಿ ಬಲೂನಿನ ತೂಕ 26 ಗ್ರಾಂ. ಎಲ್ಲಿಂದ ಏಳಬೇಕು?

ಬಿಸಿಗಾಳಿ ಮೇಲಕ್ಕೆ ತಳ್ಳುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಎತ್ತುವುದು ಹೊರಗಿನ ತಣ್ಣನೆ ಗಾಳಿ. ಬಲೂನು ಪಕ್ಕಕ್ಕೆ ಸರಿಸಿದ ಗಾಳಿ ಎಷ್ಟು ತೂಗುತ್ತದೋ ಅಷ್ಟು ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ನೀರಿಗೆ ಆರ್ಕಿಮಿಡೀಸ್ ಹೇಳಿದ್ದೇ ಗಾಳಿಗೂ ಸಲ್ಲುತ್ತದೆ. ಬಿಸಿ ಮಾಡಿದಾಗ ಈ ಬಲ ಜಾಸ್ತಿ ಆಗುವುದಿಲ್ಲ. ಒಳಗಿನ ಗಾಳಿ ಹಿಗ್ಗಿ, ಒಂದಷ್ಟು ಬಾಯಿಂದ ಹೊರಗೆ ಹೋಗಿ, ಹೊರೆ ಕಡಿಮೆ ಆಗುತ್ತದೆ. 1783ರಲ್ಲಿ ಫ್ರಾನ್ಸಿನಲ್ಲಿ ಬಲೂನು ಹಾರಿಸಿದ ಮಾಂಟ್‌ಗೋಲ್ಫಿಯರ್ ಸೋದರರು ಎತ್ತುವುದು ಹೊಗೆ ಅಂತ ನಂಬಿದ್ದರು. ಹುಲ್ಲು, ಉಣ್ಣೆ ಸುಟ್ಟು ದಟ್ಟ ಹೊಗೆ ಎಬ್ಬಿಸುತ್ತಿದ್ದರು. ತಪ್ಪು ಕಾರಣ ಹಿಡಿದುಕೊಂಡೂ ಹಾರಿಸಿಬಿಟ್ಟರು. ನಾನು ಸರಿಯಾದ ಕಾರಣ ಓದಿಕೊಂಡು ನೆಲದಲ್ಲೇ ಇದ್ದೆ.

ದಿನ 6

ಬದಿಯನ್ನು ಎರಡು ಪಟ್ಟು ಮಾಡಿದೆ. ಒಂದು ಮೀಟರ್. ಕಾಗದ ನಾಲ್ಕು ಪಟ್ಟು ಬೇಕಾಯಿತು, ಒಳಗಿನ ಜಾಗ ಎಂಟು ಪಟ್ಟಾಯಿತು. ಹೊಸ ಬಲೂನಿನ ತೂಕ 98 ಗ್ರಾಂ. ತಮಾಷೆ ಅಂದರೆ ಅದರೊಳಗೆ ಒಂದು ಕಿಲೋಗಿಂತ ಜಾಸ್ತಿ ಗಾಳಿ ಇದೆ, ತಕ್ಕಡಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊರಗಿನ ಗಾಳಿ ಅಷ್ಟನ್ನೂ ಹೊತ್ತುಕೊಂಡಿರುತ್ತದೆ.

ಏಳುವ ಬಲ ಅಳೆಯಲು ಡಿಜಿಟಲ್ ತಕ್ಕಡಿಯ ಮೇಲೆ 200 ಗ್ರಾಮಿನ ತೂಕದ ಬಟ್ಟು ಇಟ್ಟು, ಅದಕ್ಕೆ ಬಲೂನಿನ ದಾರ ಕಟ್ಟಿದೆ. ಡ್ರೈಯರ್ ಹಾಕಿದೆ. ಕಾಗದ ಸರಸರ ಸದ್ದು ಮಾಡುತ್ತಾ ನೆಟ್ಟಗಾಯಿತು. ಸಡಿಲವಾಗಿದ್ದ ದಾರ ಬಿಗಿಯಾಯಿತು. 200, 194, 181... 163ಕ್ಕೆ ಬಂದು ನಿಂತಿತು. ತನ್ನ ತೂಕ ಕಳೆದು 37 ಗ್ರಾಂ ಮಿಗುತ್ತಿದೆ!

70 ಡಿಗ್ರಿ ಅಂತ ಲೆಕ್ಕ ಹಾಕಿದ್ದರೆ 46 ಬರಬೇಕಿತ್ತು. ಬಲೂನಿನೊಳಗೆ ಒಂದೇ ಉಷ್ಣತೆ ಇರುವುದಿಲ್ಲ, ಅದೇ ತೊಂದರೆ. ನೆತ್ತಿಯ ಹತ್ತಿರ 85 ಡಿಗ್ರಿ, ಬಾಯಿಯ ಹತ್ತಿರ 48. ತಕ್ಕಡಿಯ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸರಾಸರಿ 67 ಬರುತ್ತದೆ. ಎಲ್ಲೋ ಒಂದು ಕಡೆ ಚುಚ್ಚಿದ ಥರ್ಮಾಮೀಟರಿಗಿಂತ ಈ ತಕ್ಕಡಿಯನ್ನೇ ನಾನು ಜಾಸ್ತಿ ನಂಬುತ್ತೇನೆ.

ದಿನ 9

ಬೆಳಗಿನ ಜಾವ, 18 ಡಿಗ್ರಿ. ಹೊರಗಿನ ಗಾಳಿ ತಣ್ಣಗಿದ್ದಷ್ಟೂ ಭಾರ, ಹಾಗಾಗಿ ಒಳಗೆ ಅದೇ 67 ಇದ್ದರೆ 77 ಗ್ರಾಂ ಎತ್ತಬೇಕು ಅಂತ ಖುಷಿಯಲ್ಲಿ ಹೋದೆ. ಬಂದದ್ದು 49.

ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಡ್ರೈಯರ್ ಕೊಡುವ ಶಾಖ ಯಾವಾಗಲೂ ಒಂದೇ. ಕಾಗದದ ಮೂಲಕ ಸೋರುವ ಶಾಖ ಒಳಗಿನ, ಹೊರಗಿನ ಉಷ್ಣತೆಯ ಅಂತರದ ಮೇಲೆ ನಿಂತಿದೆ. ಮೊನ್ನೆ ಅಂತರ 39 ಇತ್ತು, ಇವತ್ತು 40. ಹೊರಗೆ ಹತ್ತು ಡಿಗ್ರಿ ಇಳಿದರೆ ಒಳಗೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ನನ್ನದು ಕಾದ ಪೆಟ್ಟಿಗೆ ಅಲ್ಲ, ಸೋರುವ ಕೊಡ. ಪ್ರಯಾಣಿಕರನ್ನು ಹೊರುವ ದೊಡ್ಡ ಬಲೂನುಗಳಲ್ಲೂ ಪೈಲಟ್ ಆಗಾಗ ಬರ್ನರ್ ಹಚ್ಚುತ್ತಲೇ ಇರುವುದು ಇದಕ್ಕೇ. ಅವುಗಳ ಲೆಕ್ಕವೇ ಬೇರೆ ಬಿಡಿ. 2200 ಘನ ಮೀಟರ್, ಒಳಗೆ 100 ಡಿಗ್ರಿ, ಹೊರಗೆ 20 ಇದ್ದರೆ ಸುಮಾರು 570 ಕಿಲೋ ಏಳುತ್ತದೆ. ಅದರಲ್ಲೇ ಬಟ್ಟೆ, ಬುಟ್ಟಿ, ಬರ್ನರ್, ಗ್ಯಾಸ್ ಸಿಲಿಂಡರ್, ಜನ ಎಲ್ಲಾ ಸೇರಬೇಕು.

ದಿನ 11

ಹೊರೆ ಹೊರಿಸಿದೆ. 4 ಗ್ರಾಮಿನ ಕಾಗದದ ಲೋಟ, ತಲಾ 5 ಗ್ರಾಮಿನ ಗಾಜಿನ ಗೋಲಿಗಳು. ಖಾಲಿ ಬಲೂನು ಬಿಟ್ಟರೆ ಹನ್ನೆರಡು ಸೆಕೆಂಡು ಬಲ ಉಳಿಯುತ್ತದೆ, ಆಮೇಲೆ ಇಳಿಯಲು ಶುರು. ನಾಲ್ಕು ಗೋಲಿ ಹಾಕಿದರೆ ಆರು ಸೆಕೆಂಡು. ಅಷ್ಟರಲ್ಲೇ ಆಳೆತ್ತರ ಏರಿತು, ನಿಧಾನವಾಗಿ, ನಿದ್ದೆಯಿಂದ ಏಳುವವರ ಹಾಗೆ. ಎಂಟು ಗೋಲಿಗೆ ಎರಡು ಬೆರಳಿನಷ್ಟು ಎದ್ದು ಕೂತಿತು. ಒಂಬತ್ತಕ್ಕೆ ಲೋಟ ನೆಲದ ಮೇಲೆ ಅಲ್ಲಾಡಿತು, ಅಷ್ಟೇ. ಹಾರುವಾಗ ಡ್ರೈಯರ್ ಕೆಳಗೇ ಉಳಿಯುತ್ತದಲ್ವಾ, ಶಾಖ ಸೋರುತ್ತಲೇ ಇರುತ್ತದೆ.

ದಿನ 12

ಎರಡು ಮೀಟರ್ ಬದಿಯದ್ದು ಮಾಡೋಣ ಅಂತಿದ್ದೆ. ಪೆನ್ನು ಹಿಡಿದು ಕೂತಾಗ ಆಸೆ ಇಳಿಯಿತು. ಸೋರುವ ಮೈ ನಾಲ್ಕು ಪಟ್ಟು, ಡ್ರೈಯರ್ ಒಂದೇ. ಅಂತರ ಹತ್ತು ಡಿಗ್ರಿಗೆ ಇಳಿಯುತ್ತದೆ. ಆಗ ಎತ್ತುವ ಬಲ ಸುಮಾರು 320 ಗ್ರಾಂ, ಬಲೂನಿನ ತೂಕವೇ 390. ನೆಲ ಬಿಡುವುದಿಲ್ಲ. ನಾಲ್ಕು ಡ್ರೈಯರ್ ಹಾಕಿದರೆ 780 ಗ್ರಾಂ ಹೊರುತ್ತದೆ, ಆದರೆ ಒಟ್ಟು 6 ಕಿಲೋವ್ಯಾಟ್. ಒಂದೇ ಸಾಕೆಟ್ಟಿನಿಂದ ಅದನ್ನೆಲ್ಲಾ ಎಳೆಯುವ ಧೈರ್ಯ ನನಗಿಲ್ಲ.

ಹಾಗಾಗಿ ಗಾತ್ರ ಇದೇ ಇರಲಿ, ತೂಕ ಇಳಿಸೋಣ. ಈಗಿನ ಕಾಗದ ಚದರ ಮೀಟರಿಗೆ 18 ಗ್ರಾಂ. 10 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ ಅದರ ಅರ್ಧದಷ್ಟು ತೂಗುತ್ತದೆ. ಡ್ರೈಯರಿನ ಮೂತಿಗೆ ತಾಗಿದರೆ ಮುದುಡುವುದು ಗ್ಯಾರಂಟಿ, ಅದಕ್ಕೆ ಬಾಯಿಯ ಸುತ್ತ ಒಂದು ಗೇಣು ಕಾಗದವನ್ನೇ ಉಳಿಸುತ್ತೇನೆ. ಹಾಳೆಗೆ ಗೋಂದು ಹಿಡಿಯುತ್ತಿಲ್ಲ. ನಾಳೆ ಟೇಪು ಹಾಕಿ ನೋಡಬೇಕು, ಟೇಪನ್ನೂ ಮೊದಲು ತೂಗಿ.